ಹನ್ನೊಂದನೆಯ ಹಾಳೆ

ಮಾತ್ರೆ ನಿಲ್ಲುತ್ತದೆ ಎಂದು ಸುವರ್ಣಾ ಹೇಳಿದಾಗ ನಾನು ಮೊದಲು ಬೈದದ್ದು ಅವಳನ್ನೇ. ಪಾಪ, ಅವಳದೇನು ತಪ್ಪು! ಹುಬ್ಬಳ್ಳಿಯ ಆ ದೊಡ್ಡ ಆಸ್ಪತ್ರೆಯಲ್ಲಿ, ಹೊಸ ಔಷಧದ ಟ್ರಯಲ್ಲಿಗೆ ಸೇರಿದ ರೋಗಿಗಳ ಕಾಗದಪತ್ರ ನೋಡಿಕೊಳ್ಳುವ ಹುಡುಗಿ ಅವಳು. ಹೇಳು ಎಂದದ್ದನ್ನು ಹೇಳಿದಳು. ಆದರೆ ಬೈಯಲು ಎದುರಿಗಿದ್ದವಳು ಅವಳೊಬ್ಬಳೇ.

“ನಿಲ್ಲತೈತಿ ಅಂದ್ರೇನ? ನಳದ ನೀರೇನ ಅದು?” ಎಂದೆ. “ಆ ಮಾತ್ರಿ ನುಂಗಿ ನುಂಗೇ ನಾ ಇವತ್ತ ನಿನ್ನ ಮುಂದ ನಿಂತೇನಿ. ಬಿಟ್ರ ಸಾಯಾಕಿ ನಾನು, ನಿನ್ನ ಕಂಪನಿ ಅಲ್ಲ.”

“ಅಕ್ಕಾರ, ಟ್ರಯಲ್ ಮುಗೀತ್ರಿ. ಕಂಪನಿಗೆ ಏನ್ ತಿಳೀಬೇಕಾಗಿತ್ತೋ ತಿಳೀತು. ಇನ್ನ ಮುಂದ ಕೊಡಂಗಿಲ್ಲಂತ. ಇದು ಕಡೀ ಡಬ್ಬಿ.” ಅವಳು ಡಬ್ಬಿಯನ್ನು ನನ್ನ ಕಡೆ ಸರಿಸಿದಳು.

ನಾವು ನಾಲ್ವರಿದ್ದೆವು. ನಾಲ್ವರಿಗೂ ಶ್ವಾಸಕೋಶದ ಕ್ಯಾನ್ಸರ್, ನಾಲ್ವರಿಗೂ ಅದೇ ಮಾತ್ರೆ. ಮುಂಡಗೋಡದ ಸಿದ್ದಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಕೂತುಬಿಟ್ಟಳು. ಹಳಿಯಾಳದ ಹತ್ತಿರದ ಹಳ್ಳಿಯ ಕಾಶೀಮ, ಸಿದ್ದಿ ಜನದವನು, ಹೊಲದ ಕೂಲಿ ಮಾಡುವವನು, ಡಬ್ಬಿಯನ್ನು ಕಿವಿಯ ಹತ್ತಿರ ಅಲುಗಾಡಿಸಿ ನೋಡಿದ. ಜೋಯಿಡಾದ ಮಹಾಬಳೇಶ್ವರ ಮಾಸ್ತರರ ಕೈ ಮಾತ್ರ ಖಾಲಿ. ಟ್ರಯಲ್ಲಿಗೆ ಎಲ್ಲರಿಗಿಂತ ಮೊದಲು ಸೇರಿದವರು ಅವರು, ಅವರ ಅವಧಿ ಎಲ್ಲರಿಗಿಂತ ಮೊದಲು ಮುಗಿದಿತ್ತಂತೆ. ನಮಗೆ ಇಪ್ಪತ್ತೆಂಟು ದಿನದ ಮಾತ್ರೆ ಸಿಕ್ಕಿತು, ಅವರಿಗೆ ಅದೂ ಇಲ್ಲ.

ನನ್ನ ಹೆಸರು ಶಂಕ್ರೆವ್ವ. ಹುಟ್ಟಿದ್ದು ಧಾರವಾಡದ ಕಡೆ, ಬಾಳಿದ್ದು ದಾಂಡೇಲಿಯಲ್ಲಿ. ಕಾಗದದ ಮಿಲ್ಲಿನಲ್ಲಿ ಇಪ್ಪತ್ತಾರು ವರ್ಷ ಹಾಳೆ ಆರಿಸಿದವಳು. ಕತ್ತರಿಸಿದ ಕಾಗದದ ಅಟ್ಟಿ ಮೇಜಿನ ಮೇಲೆ ಬಂದು ಬೀಳುತ್ತಿತ್ತು. ನಾವು ಹೆಂಗಸರು ನಿಂತುಕೊಂಡು ಒಂದೊಂದೇ ಹಾಳೆ ತಿರುವಿ, ಬೆಳಕಿಗೆ ಹಿಡಿದು, ಚುಕ್ಕೆ ಬಿದ್ದದ್ದು, ಸುಕ್ಕು ಬಿದ್ದದ್ದು, ತೂತಾದದ್ದು ತೆಗೆದು ಪಕ್ಕಕ್ಕೆ ಹಾಕಬೇಕು. ಕಣ್ಣಿಗಿಂತ ಮೊದಲು ಬೆರಳೇ ಹೇಳುತ್ತಿತ್ತು, ಇದು ಕೆಟ್ಟ ಹಾಳೆ ಎಂದು. ಅಕ್ಷರ ಬೀಳುವುದಕ್ಕೆ ಮುಂಚಿನ ಕಾಗದ ನಮ್ಮದು. ಅದರ ಮೇಲೆ ಮುಂದೆ ಯಾರು ಏನು ಬರೆದರೋ ನಾವು ಕೇಳಿದವರಲ್ಲ.

ನಿವೃತ್ತಿಗೆ ಎರಡು ವರ್ಷ ಇರುವಾಗ ಕೆಮ್ಮು ಹಿಡಿಯಿತು. ಟಿಬಿ ಎಂದರು. ಆರು ತಿಂಗಳು ಟಿಬಿ ಮಾತ್ರೆ ನುಂಗಿದೆ, ಉಚ್ಚೆ ಕೆಂಪಾದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಕೊನೆಗೆ ಹುಬ್ಬಳ್ಳಿಯ ಶಿವಲಿಂಗಪ್ಪ ಡಾಕ್ಟರು ಬೆನ್ನಿನಿಂದ ಸೂಜಿ ಚುಚ್ಚಿ ತುಣುಕು ತೆಗೆದು, “ಬೀಡಿಗೀಡಿ ಸೇದ್ತಿದ್ರೇನ್ರಿ?” ಎಂದು ಕೇಳಿದರು. ಮೈ ಉರಿದುಹೋಯಿತು. ನನ್ನ ಗಂಡ ಸೋಮಪ್ಪ ನಲವತ್ತು ವರ್ಷ ಬೀಡಿ ಸೇದಿ ಕಲ್ಲುಗುಂಡಿನಂತಿದ್ದಾರೆ. ಸೇದಿದವರು ಅವರು, ಕೆಮ್ಮಿದವಳು ನಾನು.

ಆ ತುಣುಕನ್ನು ಎಲ್ಲೋ ಕಳಿಸಿ ಪರೀಕ್ಷೆ ಮಾಡಿಸಿದರು. ಈ ನಮೂನೆಯ ಕ್ಯಾನ್ಸರಿಗೆ ಹೊರದೇಶದ ಒಂದು ಕಂಪನಿ ಹೊಸ ಮಾತ್ರೆ ಮಾಡಿದೆ, ಹಲವು ದೇಶಗಳಲ್ಲಿ ಒಟ್ಟಿಗೇ ಪರೀಕ್ಷೆ ನಡೆಯುತ್ತಿದೆ, ಸೇರುತ್ತೀರಾ ಎಂದರು. ಸೇರಿದೆ. ದಿನಕ್ಕೆ ಎರಡು ಮಾತ್ರೆ. ಎರಡೇ ತಿಂಗಳಲ್ಲಿ ಮೆಟ್ಟಿಲು ಹತ್ತಿದೆ. ಆರನೆಯ ತಿಂಗಳು ಮೌಳಂಗಿಯಲ್ಲಿ ಹೊಳೆಯ ದಂಡೆಗುಂಟ ನಡೆದು ಬಂದೆ, ಸೋಮಪ್ಪನವರೇ ಹಿಂದೆ ಉಳಿದರು. ಹೀಗೆ ಎರಡೂವರೆ ವರ್ಷ. ಈಗ ನಿಲ್ಲುತ್ತದೆಯಂತೆ!

ನಾಲ್ವರೂ ಡಾಕ್ಟರ ಕೋಣೆಗೆ ನುಗ್ಗಿದೆವು. ಮಾಸ್ತರರು ಮೆಲುದನಿಯವರು, ಕೊಂಕಣಿ ಬೆರೆತ ಕನ್ನಡದವರು. ಅವರೇ ಕೇಳಿದರು.

“ಡಾಕ್ಟರ, ಬೇರೆ ದೇಶದಲ್ಲೂ ಈ ಟ್ರಯಲ್ ನಡದದೆ ಅಂದಿದ್ರಿ. ಅಲ್ಲಿಯವರಿಗೂ ನಿಲ್ಲಿಸ್ತಾರಾ?”

ಡಾಕ್ಟರು ಮೇಜು ನೋಡಿದರು. “ಇಲ್ರಿ. ಇಂಗ್ಲೆಂಡಿನ್ಯಾಗ ಗುಣ ಸಿಗೂತನಕ ಕೊಡತಾರ. ಅಲ್ಲಿ ಮೊದಲ ಬರಸಿಕೊಂಡಾರ. ಇಲ್ಲಿ ಈ ಮಾತ್ರಿ ಮಾರಾಟಕ್ಕೂ ಬಂದಿಲ್ಲ, ಬರೂ ಲಕ್ಷಣಾನೂ ಇಲ್ಲ. ನಾನು, ಟ್ರಯಲ್ ಮ್ಯಾಲ ಕಣ್ಣಿಡೂ ಆಸ್ಪತ್ರಿ ಸಮಿತಿ ಕೂಡಿ ಕೇಳಬಹುದು. ಆದ್ರ ಸಲಾಯಿನ್ಯಾಗ ಕೊಡೂ ಹಳೇ ಔಷಧ ಐತಲ್ಲಾ, ಅದನ್ನ ಕೊಡ್ರಿ ಅಂತ ಕಂಪನಿಯವರು ತಪ್ಪಿಸಿಕೊಳ್ತಾರ.”

“ಅಂದ್ರ ಅವರದು ಮೈ, ನಮ್ಮದು ಬರೇ ಪರೀಕ್ಷೆ ಹಾಳಿ. ಬರದಾತು, ಒಗದಾತು. ಹೌದಿಲ್ರಿ?” ಎಂದೆ.

ಡಾಕ್ಟರು ಮುಂದಿನ ರೋಗಿಯ ಫೈಲು ತೆಗೆದರು. ಒಳ್ಳೆಯ ಮನುಷ್ಯ, ಆದರೆ ಒಳ್ಳೆಯತನ ಬಾಯಿಗೆ ಬಂದು ಅಲ್ಲೇ ನಿಲ್ಲುವ ಜಾತಿ.

ಮನೆಗೆ ಬಂದವಳೇ ಟ್ರಂಕಿನಿಂದ ಒಪ್ಪಿಗೆ ಪತ್ರ ತೆಗೆದೆ. ಸೇರುವಾಗ ಸಹಿ ಮಾಡಿಸಿಕೊಂಡು ಒಂದು ಪ್ರತಿ ನನಗೂ ಕೊಟ್ಟಿದ್ದರು, ಹದಿನಾಲ್ಕು ಹಾಳೆ, ಕನ್ನಡದಲ್ಲಿ. ಅಲ್ಲಿ ಬರೆಸಿಕೊಂಡಿದ್ದಾರೆ ಎಂದರಲ್ಲ, ನಮ್ಮಲ್ಲಿ ಏನು ಬರೆದಿದ್ದಾರೆ ನೋಡೋಣ ಎಂದು ಕನ್ನಡಕ ಏರಿಸಿಕೊಂಡು ಕೂತೆ. ಹತ್ತು ಹಾಳೆ ಓದಿ ಹನ್ನೊಂದನೆಯದಕ್ಕೆ ಬಂದೆ. ಅದು ಇಂಗ್ಲಿಷಿನಲ್ಲಿತ್ತು! ಮೇಲಿಂದ ಕೆಳಗಿನವರೆಗೆ ಇಂಗ್ಲಿಷು. ಕೆಳಗೆ ನನ್ನದೇ ಸಹಿ, ಪಕ್ಕದಲ್ಲಿ ಡಾಕ್ಟರದು.

ಆ ದಿನ ನೆನಪಿಗೆ ಬಂತು. ಸಹಿ ಮಾಡುವ ಮುಂಚೆ ಅಭ್ಯಾಸಬಲದಿಂದ ಒಂದೊಂದೇ ಹಾಳೆ ಬೆಳಕಿಗೆ ಹಿಡಿದಿದ್ದೆ. ಹನ್ನೊಂದನೆಯದರಲ್ಲಿ ಕಪ್ಪು ಚುಕ್ಕೆ ಇತ್ತು. ಎರಡು ಪ್ರತಿಯಲ್ಲೂ ಇತ್ತು. “ಈ ಹಾಳಿ ನಡ್ಯಂಗಿಲ್ಲ, ಬದಲಿ ಕೊಡು,” ಎಂದೆ. ಸುವರ್ಣಾ ನಕ್ಕಿದ್ದಳು. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರು. ಗಡಿಬಿಡಿಯಲ್ಲಿ ಕಂಪ್ಯೂಟರಿನಿಂದ ಎರಡು ಹಾಳೆ ತೆಗೆದು ಕೊಟ್ಟಳು. ನಾನು ತಿರುವಿ ನೋಡಿದೆ. ಚುಕ್ಕೆ ಇಲ್ಲ, ಸುಕ್ಕಿಲ್ಲ, ಅಂಚು ನೆಟ್ಟಗಿದೆ. ಪಾಸು. ಸಹಿ ಜಡಿದೆ. ಡಾಕ್ಟರೂ ನನ್ನ ಸಹಿ ನೋಡಿ ತಮ್ಮದನ್ನು ಹಾಕಿದರು.

ಏಳನೆಯ ಇಯತ್ತೆ ಪಾಸಾದವಳು ನಾನು, ಓದಲು ಬಾರದವಳಲ್ಲ. ಆದರೆ ಹಾಳೆ ಕೈಗೆ ಬಂದರೆ ನಾನು ನೋಡುವುದು ಹಾಳೆಯನ್ನು. ಇಂಥ ದಡ್ಡತನ ಲೋಕದಲ್ಲಿ ಇನ್ಯಾರು ಮಾಡಿಯಾರು? ನನ್ನ ತಲೆಗೆ ನಾನೇ ಮೊಟಕಿಕೊಂಡೆ.

ಮರುದಿನ ಬೆಳಗಿನ ಬಸ್ಸಿಗೆ ಜೋಯಿಡಾಕ್ಕೆ ಹೋದೆ. ಮಾಸ್ತರರು ಅಂಗಳದಲ್ಲಿ ಬಿಸಿಲಿಗೆ ಕೂತಿದ್ದರು. ಹಾಳೆ ಕೊಟ್ಟು, “ಇದರಾಗ ಏನ್ ಬರದಾರ ಓದ್ರಿ,” ಎಂದೆ. ಒಳಗಿಂದ ಡಿಕ್ಷನರಿ ತರಿಸಿಕೊಂಡರು. ಒಂದೊಂದು ಸಾಲಿಗೂ ಬೆರಳಿಟ್ಟು, ಸಂಶಯ ಬಂದಲ್ಲಿ ಪುಟ ತಿರುವಿ, ಶಾಲೆಯ ಮಕ್ಕಳಿಗೆ ಹೇಳುವಂತೆ ಹೇಳುತ್ತಾ ಹೋದರು. ಒಂದು ಕಡೆ ಅವರ ಬೆರಳು ನಿಂತುಬಿಟ್ಟಿತು.

“ಶಂಕ್ರೆವ್ವಾ, ಕೇಳಿಲ್ಲಿ. ‘ಅಧ್ಯಯನ ಮುಗಿದ ಮೇಲೂ, ನಿಮಗೆ ಪ್ರಯೋಜನ ಆಗುತ್ತಿರುವವರೆಗೆ, ಕಂಪನಿ ಈ ಔಷಧವನ್ನು ಪುಕ್ಕಟೆ ಕೊಡುತ್ತದೆ.’ ಕೆಳಗೆ ಸಣ್ಣ ಅಕ್ಷರದಲ್ಲಿ, ಇದು ಇಂಗ್ಲೆಂಡಿನ ಪ್ರತಿ ಅಂತದೆ.” ತಮ್ಮ ಪ್ರತಿ ತರಿಸಿ ಹನ್ನೊಂದನೆಯ ಹಾಳೆ ತೆಗೆದರು. ಅದರಲ್ಲಿ ಈ ಬಗ್ಗೆ ಇದ್ದದ್ದು ಒಂದೇ ಸಾಲು. ಅಧ್ಯಯನ ಮುಗಿದ ಮೇಲೆ ನಿಮ್ಮ ಡಾಕ್ಟರು ಬೇರೆ ಚಿಕಿತ್ಸೆಯ ಬಗ್ಗೆ ನಿಮ್ಮೊಂದಿಗೆ ಮಾತಾಡುತ್ತಾರೆ.

“ಮಾತಾಡ್ತಾರಂತ!” ಎಂದೆ. “ಅವರಿಗೆ ಮಾತ್ರಿ, ನಮಗ ಮಾತು!”

ಮಾಸ್ತರರು ನಕ್ಕರು, ನಗು ಕೆಮ್ಮಾಯಿತು, ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ. ನನ್ನ ಚೀಲದಿಂದ ಡಬ್ಬಿ ತೆಗೆದು, “ಅರ್ಧ ನೀವು ತಗೋರಿ,” ಎಂದೆ. ಅವರು ಡಬ್ಬಿಯನ್ನು ವಾಪಸು ನನ್ನ ಚೀಲಕ್ಕೇ ತುರುಕಿದರು.

“ಅರ್ಧಕ್ಕೆ ಕ್ಯಾನ್ಸರ್ ಬಗ್ಗೂದಿಲ್ಲ. ಇಬ್ಬರೂ ಹೋಗ್ತೇವೆ, ಅಷ್ಟೆ. ಸೂಪಾದಲ್ಲಿ ಡ್ಯಾಮ್ ಬಂದಾಗ ನನ್ನ ಅಪ್ಪ ಓದದೆ ಸಹಿ ಹಾಕಿದ್ದ. ಊರು ನೀರಿನ ಕೆಳಗೆ ಹೋಯ್ತು. ನೀನೂ ಓದದೆ ಸಹಿ ಹಾಕಿದಿ, ಆದರೆ ನಿನ್ನ ಕೈಗೆ ಒಳ್ಳೆ ಕಾಗದ ಬಂದಿದೆ. ಅದನ್ನ ಬಿಡಬೇಡ.”

ಮರುದಿನ ಹುಬ್ಬಳ್ಳಿಗೆ ಹೋಗಿ ಹಾಳೆ ತೋರಿಸಿದಾಗ ಡಾಕ್ಟರು ಕಂಪನಿಗೆ ಫೋನು ಹಚ್ಚಿದರು. ಸುವರ್ಣಾ ಗೋಡೆಗೆ ಒರಗಿದಳು. ಎರಡು ವಾರ ಕಳೆದ ಮೇಲೆ ಕಂಪನಿಯ ಸಾಹೇಬನೊಬ್ಬ ಮುಂಬಯಿಯಿಂದ ಬಂದ. ಗುಳುಗುಳು ಇಂಗ್ಲಿಷು, ನಡುವೆ ಹಿಂದಿ. ಡಾಕ್ಟರು ಕನ್ನಡ ಮಾಡಿ ಹೇಳಿದರು.

“ತಪ್ಪಾಗಿ ಬ್ಯಾರೆ ದೇಶದ ಹಾಳಿ ಸೇರೈತಂತ್ರಿ. ಆದ್ರೂ ಸಹಿ ಆಗೇತಲ್ಲಾ, ನಿಮ್ಮೊಬ್ಬರಿಗೆ ಮಾತ್ರಿ ಮುಂದುವರಸ್ತಾರಂತ. ಜೀವ ಇರೂತನಕ. ನೀವು ಈ ಹಾಳಿ ವಾಪಸ್ ಕೊಟ್ಟು, ಇದನ್ನ ಯಾರ ಮುಂದೂ ಹೇಳಂಗಿಲ್ಲ ಅಂತ ಸಹಿ ಮಾಡಬೇಕು.”

 ಸುಳ್ಳೇಕೆ ಹೇಳಲಿ, ಮೊದಲು ಆದದ್ದು ಸಂತೋಷವೇ. ನನ್ನ ಡಬ್ಬಿಯಲ್ಲಿ ಉಳಿದದ್ದು ಹನ್ನೆರಡು ದಿನದ ಮಾತ್ರೆ. ಕೈ ತಾನಾಗಿಯೇ ಪೆನ್ನಿನ ಕಡೆ ಹೋಯಿತು. ಹೊರಗೆ ಬೆಂಚಿನ ಮೇಲೆ ಮಾಸ್ತರರು ಕೆಮ್ಮುವುದು ಕೇಳಿಸಿತು. ಅವರ ಮಾತ್ರೆ ನಿಂತು ಹದಿನೈದು ದಿನ ಮೀರಿತ್ತು.

“ಉಳದ ಮೂವರಿಗ್ರಿ?” ಎಂದೆ.

“ಅವರ ಕಾಗದ ಸರಿ ಅದಾವಂತ್ರಿ.”

“ಸರಿ ಇದ್ದವರು ಸಾಯಬೇಕು, ತಪ್ಪು ಇದ್ದಾಕಿ ಬದಕಬೇಕು. ಚೊಲೋ ಐತಿ ನಿಮ್ಮ ನ್ಯಾಯ! ನಮ್ಮ ಮಿಲ್ಲಿನ್ಯಾಗ ಐದನೂರ ಹಾಳಿ ಒಂದ ರೀಮಿನ್ಯಾಗ ಎರಡ ನಮೂನಿ ಹಾಳಿ ಬಂದ್ರ ಇಡೀ ರೀಮೇ ವಾಪಸ್. ಕೇಳ್ರಿ ನಿಮ್ಮ ಸಾಹೇಬನ್ನ, ಒಂದ ರೋಗ, ಒಂದ ಮಾತ್ರಿ, ಎರಡ ಕಾಗದ ಯಾಕ ಅಂತ?”

ಸಾಹೇಬ ಕೇಳಿಸಿಕೊಂಡು ಗಡಿಯಾರ ನೋಡಿದ. ಈ ತಪ್ಪಿಗೆ ಕಾರಣಳಾದ ಹುಡುಗಿಯನ್ನು ಕೆಲಸದಿಂದ ತೆಗೆಯಬೇಕಾಗುತ್ತದೆ ಎಂದೂ ಸೇರಿಸಿದ. ಅಲ್ಲಿಗೆ ನನ್ನ ಪಿತ್ತ ನೆತ್ತಿಗೇರಿತು. “ಆಕಿನ್ನ ಮುಟ್ಟಿದ್ರ ನೋಡ್ರಿ! ಹಾಳಿ ಬದಲಿ ಕೇಳಿದಾಕಿ ನಾನು, ನೋಡದ ಸಹಿ ಮಾಡಿದಾಕಿ ನಾನು, ನೋಡದ ಸಹಿ ಮಾಡಿದವರು ಈ ಡಾಕ್ಟರು. ತಗೀರಿ ನಮ್ಮಿಬ್ಬರನ್ನ!” ಎಂದು ಪೆನ್ನು ಅಲ್ಲೇ ಬಿಟ್ಟು ಎದ್ದು ಬಂದೆ. 

ಕಾಶೀಮ ವಿಷಯ ಕೇಳಿ ಕೆಂಡಾಮಂಡಲವಾದ. ನನ್ನ ಮೇಲೆಯೇ!

“ಅಕ್ಕಾ, ತಲಿ ಕೆಟ್ಟೈತೇನ ನಿಂದು? ಸಿಕ್ಕಿದ್ದು ತಗೋಬೇಕಿಲ್ಲ? ನನ್ನ ಹೆಸರ ಹೇಳಿ ನೀ ಸಾಯಬ್ಯಾಡ. ಆ ಭಾರ ನಾ ಯಾಕ ಹೊರಲಿ?”

“ನಿನ್ನ ಸಲುವಾಗಿ ಅಂತ ಯಾರ ಹೇಳಿದ್ರೋ? ನನಗ ಸಿಟ್ಟ ಬಂದೈತಿ, ಅದಕ್ಕ ಮಾಡಾಕತ್ತೇನಿ.”

ಮನೆಯಲ್ಲಿ ಸೋಮಪ್ಪನವರು ಬೈಯಲಿಲ್ಲ, ಅದೇ ಕಷ್ಟವಾಯಿತು. ಊಟದ ತಟ್ಟೆ ಪಕ್ಕಕ್ಕೆ ಸರಿಸಿದರು. ಆಮೇಲೆ, “ನಾ ಒಬ್ಬನ ಏನ್ ಮಾಡ್ಲಿ ಶಂಕ್ರಿ, ನೀ ಹೋದಮ್ಯಾಲ?” ಎಂದರು. ಮದುವೆಯಾಗಿ ಮೂವತ್ತೈದು ವರ್ಷದಲ್ಲಿ ಆ ಮನುಷ್ಯ ಅಷ್ಟು ಉದ್ದದ ಮಾತು ನನ್ನ ಬಗ್ಗೆ ಆಡಿದ್ದೇ ಇಲ್ಲ. ನಾನು ಬಚ್ಚಲಿಗೆ ಹೋಗಿ ನೀರು ಬಿಟ್ಟುಕೊಂಡು ಅತ್ತೆ. ಸಾಯಲು ನನಗೇನು ಹುಚ್ಚೇ? ಬದುಕಬೇಕು ನನಗೆ, ಇನ್ನೂ ಇಪ್ಪತ್ತು ವರ್ಷ ಬದುಕಿ ಈ ಮುದುಕನ ತಲೆ ತಿನ್ನಬೇಕು. ಆದರೆ ಆ ಹಾಳೆ ಕೊಟ್ಟು ಬಾಯಿ ಹೊಲಿದುಕೊಂಡು ಬಂದರೆ ಪ್ರತಿ ತಿಂಗಳು ಹುಬ್ಬಳ್ಳಿಯ ಬಸ್ಸಿನಲ್ಲಿ ಯಾವ ಮುಖ ಹೊತ್ತು ಕೂರಲಿ?

ಹೇಗೂ ಬೀದಿಗೆ ಬಿದ್ದಾಗಿತ್ತು. ಶಿವಲಿಂಗಪ್ಪ ಡಾಕ್ಟರ ಬೆನ್ನು ಬಿದ್ದೆ. “ಸಮಿತಿ ಕೂಡಸ್ರಿ. ನಾಲ್ವರಿಗೂ ಮಾತ್ರಿ ಬೇಕು ಅಂತ ನಿಮ್ಮ ಕೈಲೆ ಬರೀರಿ. ಬರಿಯೂತನಕ ನಿಮ್ಮ ಬಾಗಲಾ ಬಿಟ್ಟು ಏಳಂಗಿಲ್ಲ,” ಎಂದು ಅವರ ಕೋಣೆಯ ಹೊಸ್ತಿಲ ಹೊರಗೆ ಕೂತೆ. ಮೂರು ದಿನ ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬಂದೆ. ಎರಡನೆಯ ದಿನ ಮುಂಡಗೋಡದಿಂದ ಸಿದ್ದಕ್ಕ ಬಂದು ಪಕ್ಕದಲ್ಲಿ ಕೂತಳು. ಮೂರನೆಯ ದಿನ ಕಾಶೀಮ, ಬೈಯುತ್ತಲೇ ಬಂದು ಕೂತ. ಡಾಕ್ಟರು ಅವತ್ತು ಮಧ್ಯಾಹ್ನ ಬರೆದರು.

ಸಮಿತಿ ಸೇರಿದ್ದು ನನ್ನ ಡಬ್ಬಿಯಲ್ಲಿ ಎರಡು ದಿನದ ಮಾತ್ರೆ ಉಳಿದಿದ್ದಾಗ. ಉದ್ದನೆಯ ಮೇಜು, ಏಳು ಜನ. ಶಾಂತಾದೇವಿ ಎಂಬ ನಿವೃತ್ತ ಪ್ರಾಧ್ಯಾಪಕಿ ಅಧ್ಯಕ್ಷೆ. ಗೋಡೆಯ ಮೇಲಿನ ಟಿವಿಯಲ್ಲಿ ಮುಂಬಯಿಯ ಸಾಹೇಬ. ಮಾಸ್ತರರಿಗೆ ಬರಲಾಗಲಿಲ್ಲ, ಎದ್ದು ಕೂರುವುದೇ ಕಷ್ಟವಾಗಿತ್ತು. ಸಾಹೇಬ ಬಹಳ ಹೊತ್ತು ಮಾತಾಡಿದ. ದೇಶ ದೇಶಕ್ಕೆ ನಿಯಮ ಬೇರೆ, ಮಾರುಕಟ್ಟೆ ಬೇರೆ, ಹಳೆಯ ಔಷಧ ಲಭ್ಯವಿದೆ. ನಮ್ಮನ್ನು ಕೇಳಿದಾಗ ನಾನು ಎದ್ದು ನಿಂತೆ.

“ಆತ್ರಿ. ಇವರು ಹೇಳಿದ್ದ ಖರೆ ಅನ್ನೂಣು. ನಾ ನನ್ನ ಹಾಳಿ ಇಲ್ಲೇ ವಾಪಸ್ ಕೊಡತೇನಿ, ಮಾತ್ರಿನೂ ಬ್ಯಾಡ. ಒಂದ ಕೆಲಸ ಮಾಡ್ರಿ. ಯಾಕ ಕೊಡಂಗಿಲ್ಲ ಅಂತ ನಾಲ್ಕ ಸಾಲು ಕನ್ನಡದಾಗ ಬರದು ಸಹಿ ಮಾಡಿ ಕೊಡ್ರಿ. ‘ಇಂಗ್ಲೆಂಡಿನವರಿಗೆ ಇದೇ ರೋಗ ಬಂದರೆ ಮಾತ್ರೆ ಕೊಡುತ್ತೇವೆ, ದಾಂಡೇಲಿಯ ಶಂಕ್ರೆವ್ವನಿಗೆ ಬಂದರೆ ಕೊಡುವುದಿಲ್ಲ. ಇಬ್ಬರ ಮೈ ಮೇಲೂ ಪರೀಕ್ಷೆ ಮಾಡಿದ್ದೇವೆ.’ ಇಷ್ಟ ಬರೀರಿ ಸಾಕು. ನಾ ಅದನ್ನ ಮನೀ ಬಾಗಲಿಗೆ ಹಚ್ಚಿ ಸಾಯ್ತೇನಿ.”

ಶಾಂತಾದೇವಿಯವರು ಅದನ್ನು ಒಂದು ಪದ ಬಿಡದೆ ಇಂಗ್ಲಿಷಿಗೆ ತಿರುಗಿಸಿದರು. ಆಮೇಲೆ ಟಿವಿಯ ಕಡೆ ನೋಡಿ, ಇದನ್ನು ಬರೆದು ಕೊಡುತ್ತೀರಾ ಎಂದು ಕೇಳಿದರಂತೆ.  ಬರೆದು ಕೊಡುವುದು ಕಷ್ಟ, ಮೇಲಿನವರನ್ನು ಕೇಳಬೇಕು ಎಂದು ಸಾಹೇಬ ಹೇಳಿದನಂತೆ. “ಹೇಳಾಕ ಬರತೈತಿ, ಬರಿಯಾಕ ಬರಂಗಿಲ್ಲೇನ?” ಎಂದು ಕಾಶೀಮ ಗದರಿ, ಅದನ್ನೇ ಹಿಂದಿಯಲ್ಲೂ ಹೇಳಿದ. ಸಮಿತಿಯ ಏಳೂ ಜನ ನಾಲ್ವರಿಗೂ ಕೊಡಬೇಕೆಂದು ಸಹಿ ಮಾಡಿದರು. ಆ ನಾಲ್ಕು ಸಾಲು ಬರೆದುಕೊಡಲಾಗದ ಕಂಪನಿ ಕೊನೆಗೆ ಒಪ್ಪಿತು.

ಆದರೂ ಮಾತ್ರೆ ಬರಲು ಮತ್ತೆ ಹದಿನೆಂಟು ದಿನ ಹಿಡಿಯಿತು. ಅನುಮತಿ, ವಿಮಾನ, ಕಸ್ಟಮ್ಸು. ಹತ್ತನೆಯ ದಿನಕ್ಕೆ ನನ್ನ ಕೆಮ್ಮು ಮರಳಿತು. ಹದಿಮೂರನೆಯ ದಿನ ಬೆಳಿಗ್ಗೆ ಜೋಯಿಡಾದಲ್ಲಿ ಮಹಾಬಳೇಶ್ವರ ಮಾಸ್ತರರು ತೀರಿಕೊಂಡರು. ಸುದ್ದಿ ಬಂದಾಗ ಏದುಸಿರು ಬಿಡುತ್ತಲೇ ಹೋದೆ. ಅವರ ಮುಖ ನೋಡಿ ಅತ್ತೆ, ಆಮೇಲೆ ಅಳು ಹೋಗಿ ಸಿಟ್ಟು ಉಳಿಯಿತು. ಅದು ಇನ್ನೂ ಉಳಿದಿದೆ.

ಐದು ದಿನದ ನಂತರ ಹುಬ್ಬಳ್ಳಿಗೆ ಕರೆ ಬಂತು. ಸುವರ್ಣಾಳ ಮೇಜಿನ ಮೇಲೆ ನಾಲ್ಕು ಡಬ್ಬಿ, ನಾಲ್ಕರ ಮೇಲೂ ಹೆಸರು. ಸಿದ್ದಕ್ಕ ತನ್ನದನ್ನು ಕಣ್ಣಿಗೊತ್ತಿಕೊಂಡಳು. ಕಾಶೀಮ ಅಲ್ಲೇ ನೀರಿಲ್ಲದೆ ಒಂದು ಮಾತ್ರೆ ನುಂಗಿದ. ನಾಲ್ಕನೆಯ ಡಬ್ಬಿಯನ್ನು ಸುವರ್ಣಾ ತನ್ನ ಕಡೆ ಎಳೆದುಕೊಂಡು ದೊಡ್ಡ ರಿಜಿಸ್ಟರು ತೆಗೆದಳು.

“ಅದನ್ನ ಏನ್ ಮಾಡ್ತಿ?” ಎಂದೆ.

“ವಾಪಸ್ ಕಳಸಬೇಕ್ರಿ. ಕಾರಣ ಬರೀಬೇಕು.” ಕಾರಣದ ಕಡೆ ಮೊದಲೇ ಅಚ್ಚು ಹಾಕಿದ ಮೂರು ಸಾಲಿದ್ದವು. ರೋಗಿ ಬರಲಿಲ್ಲ. ರೋಗಿ ನಿರಾಕರಿಸಿದರು. ರೋಗಿ ಮೃತಪಟ್ಟರು. ಅವಳ ಪೆನ್ನು ಮೂರನೆಯದರ ಮೇಲೆ ಹೋಯಿತು.

ನಾನು ರಿಜಿಸ್ಟರಿನ ಮೇಲೆ ಅಂಗೈ ಊರಿದೆ. “ಅದು ಆಮ್ಯಾಲ ಆದದ್ದು. ಮೊದಲ ಆದದ್ದು ಬರಿ.”

“ಅಕ್ಕಾರ, ಇದನ್ನ ಕಂಪನಿಯವರು ನೋಡ್ತಾರ್ರಿ. ಇಂಗ್ಲೆಂಡಿಗೆ ಹೋಗತೈತಿ ಇದು.”

“ಹೋಗ್ಲಿ. ಅದಕ್ಕ ಬರಿ ಅನ್ನಾಕತ್ತೇನಿ.”

ಅವಳು ನನ್ನನ್ನು ನೋಡಿದಳು, ಮುಚ್ಚಿದ ಬಾಗಿಲನ್ನು ನೋಡಿದಳು. ಕಣ್ಣು ತುಂಬಿಕೊಂಡಿತ್ತು. ಮೂರೂ ಸಾಲನ್ನು ಗೀಟು ಎಳೆದು ಹೊಡೆದು ಹಾಕಿ, ಕೆಳಗೆ ಖಾಲಿ ಇದ್ದ ಜಾಗದಲ್ಲಿ ದುಂಡಗೆ ಬರೆದಳು: ‘ರೋಗಿ ಮೂವತ್ತೊಂಬತ್ತು ದಿನ ಕಾದರು. ಮಾತ್ರೆ ಬರಲಿಲ್ಲ.’

“ಇಂಗ್ಲಿಷಿನ್ಯಾಗೂ ಬರಿ,” ಎಂದೆ.

ಬರೆದಳು. ಈ ಸಲ ನಾನು ಒಂದೊಂದೇ ಅಕ್ಷರ ಓದಿಸಿಕೊಂಡು, ಕೆಳಗೆ ಸಾಕ್ಷಿ ಎಂದು ನನ್ನ ಸಹಿ ಹಾಕಿದೆ.